ನಿಷೇಧವೂ ತಾತ್ಪರ್ಯನಿರ್ಣಯವೂ

ಒಂದು ಬರೆಹವು ದೋಷಯುಕ್ತವಾದುದೆಂದು ಹೇಳುವುದು ಬೇರೆ. ಅದು ಜನರ ಕೈಗೆ ಸಿಕ್ಕಲೇಕೂಡದೆಂದು ಹೇಳುವುದು ಬೇರೆ. ಮೊದಲನೆಯದನ್ನು ಹೇಳುವವನು ಗ್ರಂಥವನ್ನು ಆದ್ಯಂತವಾಗಿ ಓದಿ, ಗ್ರಂಥಕರ್ತನ ಅಭಿಪ್ರಾಯವೇನೆಂಬುದನ್ನು ನಿರ್ಣಯಿಸಿಕೊಂಡು, ಆ ಅಭಿಪ್ರಾಯಕ್ಕೆ ಅವನ ಶಬ್ದಗಳು ಒಪ್ಪುವುವೋ ಇಲ್ಲವೋ ಎಂಬುದನ್ನು ಪರೀಕ್ಷಿಸಬೇಕಾಗುತ್ತದೆ. ಎರಡನೆಯದನ್ನು ಹೇಳುವವನಿಗೆ ಅನೇಕ ವೇಳೆ ಇಷ್ಟು ಶ್ರಮವು ಬೇಕಾಗುವುದಿಲ್ಲ; ಗ್ರಂಥದ ನಡುವಿನ ನಾಲ್ಕು ಮಾತು ಸಾಕು. ಧರ್ಮಶ್ರದ್ಧೆಯೂ ಸಲಿಂಗಪ್ರೇಮವೂ ಒಂದೇ ಪುಟದಲ್ಲಿ ಎದುರುಬದುರಾದಾಗ ಈ ಎರಡು ಬಗೆಯ ಓದಿನ ಅಂತರವು ಎದ್ದು ಕಾಣುತ್ತದೆ. ಯೂರೋಪಿನಲ್ಲಿ ಸುಮಾರು ನೂರು ವರ್ಷಗಳೊಳಗೆ ಇಂತಹ ಮೂರು ಬರೆಹಗಳು, ಎಂದರೆ ಒಂದು ಕಾದಂಬರಿ, ಒಂದು ಕವನ, ಒಂದು ಧರ್ಮೋಪದೇಶ, ನ್ಯಾಯಾಸನದ ಮುಂದೆ ನಿಂತುವು. ಮೊದಲೆರಡರ ಮೇಲೆ ದೂರು ತಂದುದು ಸದಾಚಾರದ ಮತ್ತು ಮತಶ್ರದ್ಧೆಯ ಪಕ್ಷ. ಮೂರನೆಯದನ್ನು ಹಿಡಿದು ನಿಲ್ಲಿಸಿದುದು ಸಲಿಂಗಪ್ರೇಮಿಗಳ ಮಾನವನ್ನು ಕಾಯುವುದಕ್ಕಾಗಿ ಮಾಡಿದ ಕಾನೂನು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಎರಡು ಪಕ್ಷದವರೂ ತಮ್ಮ ತಮ್ಮ ಸರದಿಯಲ್ಲಿ ಒಂದೇ ತಪ್ಪನ್ನು ಮಾಡಿದರೆಂಬುದೂ, ಒಂದೇ ತಪ್ಪಿನಿಂದ ನೊಂದರೆಂಬುದೂ ತಿಳಿದುಬರುತ್ತದೆ.

ಆ ತಪ್ಪನ್ನು ಗುರುತಿಸುವುದಕ್ಕೆ ಭಾರತೀಯ ಶಾಸ್ತ್ರಗಳಲ್ಲಿ ಒಂದು ಹಳೆಯ ಸಾಧನವುಂಟು. ವಾಕ್ಯಸಮೂಹವೊಂದರ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಮೀಮಾಂಸೆಯ ಹಾಗೂ ವೇದಾಂತದ ಪಂಡಿತರು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿದ್ದಾರೆ. ಮೊದಲನೆಯದು ಉಪಕ್ರಮ ಉಪಸಂಹಾರಗಳ ಐಕ್ಯ: ಗ್ರಂಥವು ಎಲ್ಲಿ ಹೊರಟಿತು, ಎಲ್ಲಿ ಬಂದು ನಿಂತಿತು ಎಂಬುದು. ಎರಡನೆಯದು ಅಭ್ಯಾಸ: ಯಾವ ಮಾತು ಮತ್ತೆ ಮತ್ತೆ ಬರುವುದು ಎಂಬುದು. ಮೂರನೆಯದು ಅಪೂರ್ವತೆ: ಬೇರೆಲ್ಲೂ ದೊರೆಯದ ಯಾವ ವಿಷಯವನ್ನು ಅದು ಹೇಳುವುದು ಎಂಬುದು. ನಾಲ್ಕನೆಯದು ಫಲ, ಐದನೆಯದು ಅರ್ಥವಾದ, ಎಂದರೆ ಹೊಗಳಿಕೆ ತೆಗಳಿಕೆಯ ಮಾತು, ಆರನೆಯದು ಉಪಪತ್ತಿ, ಎಂದರೆ ಯುಕ್ತಿ. ವೇದವಾಕ್ಯಗಳಿಗಾಗಿ ಹುಟ್ಟಿದ ಈ ಕ್ರಮವು ಲೌಕಿಕ ಗ್ರಂಥಗಳಿಗೂ ಸಲ್ಲುತ್ತದೆ. ಇದರ ಸಾರವಿಷ್ಟು: ನಡುವಿನ ಒಂದು ವಾಕ್ಯವನ್ನು ಕಿತ್ತು ತೆಗೆದು, ಇದೇ ಗ್ರಂಥದ ಅಭಿಪ್ರಾಯವೆಂದು ಸಾಧಿಸುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಮೇಲೆ ಹೇಳಿದ ಮೂರು ಬರೆಹಗಳನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಮೊದಲನೆಯದು ರ‍್ಯಾಡ್‌ಕ್ಲಿಫ್ ಹಾಲ್ ಎಂಬ ಲೇಖಕಿಯು ಬರೆದು ೧೯೨೮ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ದಿ ವೆಲ್ ಆಫ್ ಲೋನ್ಲಿನೆಸ್' ಎಂಬ ಕಾದಂಬರಿ. ಸ್ತ್ರೀಯೊಬ್ಬಳು ಸ್ತ್ರೀಯನ್ನೇ ಪ್ರೀತಿಸಿ, ಸಮಾಜದಲ್ಲಿ ನೆಲೆ ಕಾಣದೆ ಬಳಲುವುದು ಇದರ ಕಥಾವಸ್ತು. ಲೇಖಕಿಯು ರೋಮನ್ ಕ್ಯಾಥೊಲಿಕ್ ಮತವನ್ನು ತಾನಾಗಿಯೇ ಸ್ವೀಕರಿಸಿದವಳು, ಶ್ರದ್ಧಾವಂತೆ. ಕಾಮೋದ್ರೇಕಕರವಾದ ವರ್ಣನೆಯನ್ನು ಈ ಗ್ರಂಥದಲ್ಲಿ ಹುಡುಕಿದರೂ ಕಾಣುವುದು ಕಷ್ಟ. ನಾಯಿಕೆಯು ತನ್ನ ಪ್ರಿಯಳನ್ನು ಅವಳ ಹಿತಕ್ಕಾಗಿಯೇ ದೂರಮಾಡಿ, ಕಡೆಗೆ ತನ್ನಂತಹವರೆಲ್ಲರ ಪರವಾಗಿ ದೇವರಲ್ಲಿ ಮೊರೆಯಿಡುವಳು. ನಮ್ಮನ್ನೂ ನಿನ್ನವರೆಂದು ಒಪ್ಪಿಕೋ ಎಂಬುದು ಆ ಮೊರೆಯ ಸಾರ. ಹೀಗೆ ಈ ಕಾದಂಬರಿಯ ಉಪಸಂಹಾರವು ಒಂದು ಪ್ರಾರ್ಥನೆ. ಈಶ್ವರನ ಸೃಷ್ಟಿಯಲ್ಲಿ ಇವರಿಗೂ ಸ್ಥಾನವಿರಬೇಕೆಂಬುದು ಇದರ ಅಪೂರ್ವತೆ. ಕೃತಿಯು ಅತಿದೀರ್ಘವಾದುದು, ಉದ್ದಕ್ಕೂ ಒಂದೇ ವಿಷಾದದ ಶ್ರುತಿಯುಳ್ಳದ್ದು ಎಂದು ವಿಮರ್ಶಕನು ಹೇಳಬಹುದು. ಆದರೆ ಇದು ಧರ್ಮವನ್ನು ಧಿಕ್ಕರಿಸಿದ ಗ್ರಂಥವಲ್ಲ. ಧರ್ಮದ ಬಾಗಿಲನ್ನು ತಟ್ಟಿದ ಗ್ರಂಥ.

೧೯೨೮ರ ನವೆಂಬರಿನಲ್ಲಿ ಲಂಡನ್ನಿನ ಬೋ ಸ್ಟ್ರೀಟ್ ನ್ಯಾಯಾಲಯದಲ್ಲಿ ಈ ಕಾದಂಬರಿಯ ವಿಚಾರಣೆಯಾಯಿತು. ವರ್ಜೀನಿಯಾ ವುಲ್ಫ್, ಇ. ಎಂ. ಫಾರ್‌ಸ್ಟರ್ ಮೊದಲಾದ ಸುಮಾರು ನಲವತ್ತು ಮಂದಿ ಗ್ರಂಥದ ಪರವಾಗಿ ಸಾಕ್ಷಿ ಹೇಳಲು ಬಂದು ಕುಳಿತಿದ್ದರು. ಪುಸ್ತಕವು ಅಶ್ಲೀಲವೋ ಅಲ್ಲವೋ ಎಂಬುದನ್ನು ಹೇಳತಕ್ಕವನು ತಾನು, ಸಾಹಿತಿಗಳಲ್ಲವೆಂದು ಮ್ಯಾಜಿಸ್ಟ್ರೇಟ್ ಸರ್ ಚಾರ್ಟ್ರೆಸ್ ಬೈರನ್ ಅವರ ಸಾಕ್ಷ್ಯವನ್ನು ತಳ್ಳಿಹಾಕಿ, ಪ್ರತಿಗಳನ್ನು ನಾಶಮಾಡಬೇಕೆಂದು ಆಜ್ಞಾಪಿಸಿದನು. ಬರೆವಣಿಗೆಯು ಚೆನ್ನಾಗಿರುವುದು ರಕ್ಷೆಯಾಗಲಾರದೆಂಬುದು ಅವನ ಅಭಿಪ್ರಾಯ. ಆ ಗ್ರಂಥವು ಇಂಗ್ಲೆಂಡಿನಲ್ಲಿ ಮತ್ತೆ ಅಚ್ಚಾದುದು ೧೯೪೯ರಲ್ಲಿ. ಅಷ್ಟರಲ್ಲಿ ಲೇಖಕಿಯು ತೀರಿಕೊಂಡು ಆರು ವರ್ಷಗಳಾಗಿದ್ದುವು. ಈ ತೀರ್ಪಿನಲ್ಲಿ ಗಮನಿಸಬೇಕಾದುದು ಪುಸ್ತಕದ ಗತಿ ಮಾತ್ರವಲ್ಲ. ತಾತ್ಪರ್ಯವನ್ನು ವಿವರಿಸಬಲ್ಲವರು ನಲವತ್ತು ಮಂದಿ ಹೊಸ್ತಿಲಲ್ಲಿದ್ದರೂ, ತಾತ್ಪರ್ಯವು ಇಲ್ಲಿ ಅನಗತ್ಯವೆಂದು ನ್ಯಾಯಾಸನವು ಹೇಳಿಬಿಟ್ಟಿತು.

ಈ ಕೊರತೆಯನ್ನು ಇಂಗ್ಲೆಂಡಿನವರು ತಾವೇ ಕಂಡುಕೊಂಡರು. ೧೯೫೯ರ ಅಶ್ಲೀಲ ಪ್ರಕಟನೆಗಳ ಕಾನೂನು ಗ್ರಂಥವನ್ನು ಇಡಿಯಾಗಿ ನೋಡಬೇಕೆಂದೂ, ಸಾಹಿತ್ಯಗುಣದ ವಿಷಯದಲ್ಲಿ ಬಲ್ಲವರ ಸಾಕ್ಷ್ಯವನ್ನು ಕೇಳಬಹುದೆಂದೂ ವಿಧಿಸಿತು. ೧೯೬೭ರಲ್ಲಿ, ಇಪ್ಪತ್ತೊಂದು ವರ್ಷ ತುಂಬಿದ ಪುರುಷರ ಏಕಾಂತದ ಸಂಬಂಧವು ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಅಪರಾಧವಲ್ಲವೆಂದಾಯಿತು. ಹೀಗಿರಲು, ಇನ್ನು ಇಂತಹ ಬರೆಹಗಳಿಗೆ ಭಯವಿಲ್ಲವೆಂದು ಎಣಿಸಿದವರಿಗೆ ಎರಡನೆಯ ಪ್ರಕರಣವು ಉತ್ತರ ಕೊಟ್ಟಿತು.

೧೯೭೬ರ ಜೂನ್ ತಿಂಗಳಲ್ಲಿ 'ಗೇ ನ್ಯೂಸ್' ಎಂಬ ಪಾಕ್ಷಿಕ ಪತ್ರಿಕೆಯು ಜೇಮ್ಸ್ ಕರ್ಕಪ್ ಎಂಬ ಕವಿಯ ಕವನವೊಂದನ್ನು ಪ್ರಕಟಿಸಿತು. ತನ್ನ ಹೆಸರನ್ನು ನುಡಿಯಲು ಅಂಜದ ಪ್ರೇಮ ಎಂಬುದು ಅದರ ಶೀರ್ಷಿಕೆಯ ಅರ್ಥ. ಆಸ್ಕರ್ ವೈಲ್ಡನ ೧೮೯೫ರ ವಿಚಾರಣೆಯಲ್ಲಿ ಪ್ರಸಿದ್ಧವಾದ ಲಾರ್ಡ್ ಆಲ್ಫ್ರೆಡ್ ಡಗ್ಲಸನ ಮಾತೊಂದನ್ನು ಕವಿಯು ಇಲ್ಲಿ ತಿರುವಿ ಹೇಳಿದ್ದಾನೆ. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹದ ಪಕ್ಕದಲ್ಲಿ ನಿಂತ ರೋಮನ್ ಶತಾಧಿಪತಿಯೊಬ್ಬನ ಸ್ವಗತವೇ ಈ ಕವನ. ಅವನು ಆ ದೇಹವನ್ನು ಪ್ರಿಯನ ದೇಹವೆಂದು ಭಾವಿಸಿ ಮಾತನಾಡುತ್ತಾನೆ. ಮಾತು ದೈಹಿಕ ವ್ಯಾಪಾರದವರೆಗೂ ಹೋಗುತ್ತದೆ. ಮೇರಿ ವೈಟ್‌ಹೌಸ್ ಎಂಬಾಕೆ, ಹಿಂದೆ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ೧೯೬೪ರಿಂದ ಆಕಾಶವಾಣಿ ದೂರದರ್ಶನಗಳ ನೀತಿಗಾಗಿ ಹೋರಾಡಿದವಳು, ಇದನ್ನು ಓದಿ ನೊಂದು ಖಾಸಗಿ ಫಿರ್ಯಾದು ಹೂಡಿದಳು. ಮೊಕದ್ದಮೆಯು ಅಶ್ಲೀಲತೆಯದಲ್ಲ, ದೇವದೂಷಣೆಯದು. ಇದರಲ್ಲಿಯೇ ಪ್ರಕರಣದ ಮರ್ಮವಿದೆ. ೧೯೫೯ರ ಕಾನೂನು ಅಶ್ಲೀಲತೆಗೆ ಮಾತ್ರ ಸಂಬಂಧಿಸಿದ್ದು. ದೇವದೂಷಣೆಯು ಹಳೆಯ ರೂಢಿಯ ಕಾನೂನಿನ ಅಪರಾಧವಾದುದರಿಂದ, ಸಾಹಿತ್ಯಗುಣದ ಸಾಕ್ಷ್ಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ೧೯೨೮ರಲ್ಲಿ ಮುಚ್ಚಿ ೧೯೫೯ರಲ್ಲಿ ತೆರೆದ ಬಾಗಿಲು ಮತ್ತೆ ಮುಚ್ಚಿಕೊಂಡಿತು.

೧೯೭೭ರ ಜುಲೈಯಲ್ಲಿ ನ್ಯಾಯಾಧೀಶ ಅಲನ್ ಕಿಂಗ್ ಹ್ಯಾಮಿಲ್ಟನನ ಮುಂದೆ ವಿಚಾರಣೆ ನಡೆಯಿತು. ಕವನದ ಸಾಹಿತ್ಯಗುಣವನ್ನಾಗಲಿ, ದೇವತಾಶಾಸ್ತ್ರದ ದೃಷ್ಟಿಯಿಂದ ಅದರ ಅಭಿಪ್ರಾಯವನ್ನಾಗಲಿ ತಜ್ಞರು ಹೇಳಕೂಡದೆಂದಾಯಿತು. ಮಾರ್ಗರೆಟ್ ಡ್ರ್ಯಾಬಲ್, ಬರ್ನಾರ್ಡ್ ಲೆವಿನ್ ಎಂಬ ಲೇಖಕರು ಪತ್ರಿಕೆಯ ಸ್ವರೂಪವನ್ನು ಕುರಿತು ಮಾತ್ರ ನುಡಿದರು. ಪ್ರಕಾಶಕನಿಗೆ ದೇವರನ್ನು ನಿಂದಿಸುವ ಉದ್ದೇಶವಿತ್ತೇ ಎಂಬುದನ್ನು ನೋಡಬೇಕಾಗಿಲ್ಲ, ಪ್ರಕಟಿಸುವ ಉದ್ದೇಶವಿದ್ದರೆ ಸಾಕು ಎಂದು ನ್ಯಾಯಾಧೀಶನು ವಿಧಿಸಿದನು. ಜೂರಿಯವರಲ್ಲಿ ಹತ್ತು ಮಂದಿ ಅಪರಾಧವೆಂದರು, ಇಬ್ಬರು ಅಲ್ಲವೆಂದರು. ಪತ್ರಿಕೆಯ ಸಂಸ್ಥೆಗೆ ೧೦೦೦ ಪೌಂಡು, ಸಂಪಾದಕ ಡೆನಿಸ್ ಲೆಮನ್ನನಿಗೆ ೫೦೦ ಪೌಂಡು ಜುಲ್ಮಾನೆಯಾಯಿತು. ಲೆಮನ್ನನಿಗೆ ಒಂಬತ್ತು ತಿಂಗಳ ಸೆರೆಯನ್ನೂ ವಿಧಿಸಿ, ಅದನ್ನು ಜಾರಿಮಾಡದೆ ಅಮಾನತ್ತಿನಲ್ಲಿಟ್ಟರು. ಮೇಲ್ಮನವಿಯಲ್ಲಿ ಸೆರೆಯ ಶಿಕ್ಷೆ ರದ್ದಾಯಿತಾದರೂ ಅಪರಾಧವು ಉಳಿಯಿತು. ೧೯೭೯ರಲ್ಲಿ ಪ್ರಭುಸಭೆಯ ನ್ಯಾಯಾಧೀಶರು ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ ಅದನ್ನು ಎತ್ತಿಹಿಡಿದರು. ಭಿನ್ನಮತ ನೀಡಿದ ಲಾರ್ಡ್ ಡಿಪ್ಲಾಕ್ ಮತ್ತು ಲಾರ್ಡ್ ಎಡ್ಮಂಡ್ ಡೇವೀಸ್ ಇಬ್ಬರೂ ಉದ್ದೇಶವನ್ನು ನೋಡದೆ ಅಪರಾಧವನ್ನು ಹೊರಿಸಲಾಗದೆಂದರು. ಅಲ್ಪಮತದ ಈ ಮಾತು ಶಾಸ್ತ್ರಸಮ್ಮತವಾದುದು. ವಕ್ತೃವಿನ ಅಭಿಪ್ರಾಯವನ್ನು ಬಿಟ್ಟು ವಾಕ್ಯಾರ್ಥವನ್ನು ನಿರ್ಣಯಿಸುವುದು ಕಣ್ಣು ಕಟ್ಟಿಕೊಂಡು ರತ್ನಪರೀಕ್ಷೆ ಮಾಡಿದಂತೆ.

ಇಲ್ಲಿ ನ್ಯಾಯಾಲಯವು ಬಿಟ್ಟ ಕೆಲಸವನ್ನು ವಿಮರ್ಶೆಯು ಕೈಕೊಳ್ಳಬೇಕಾಗುತ್ತದೆ. ಕವನವು ಮೃತನಾದ ಯೇಸುವಿನ ಬಳಿ ಶತಾಧಿಪತಿಯ ದುಃಖದಿಂದ ಮೊದಲಾಗುತ್ತದೆ; ಮೂರು ದಿನಗಳ ವಿರಹವಾದ ಮೇಲೆ ಪುನರುತ್ಥಾನದಲ್ಲಿ, ಎದ್ದುಬಂದ ಪ್ರಭುವು ಅವನನ್ನು ಪ್ರೀತಿಯಿಂದ ಸ್ವೀಕರಿಸುವುದರಲ್ಲಿ, ಮುಗಿಯುತ್ತದೆ. ಉಪಕ್ರಮವು ಶೋಕ, ಉಪಸಂಹಾರವು ಪುನರುತ್ಥಾನ. ಬಹಿಷ್ಕೃತನಾದ ಪ್ರೇಮಿಯನ್ನೂ ದೇವರ ಪ್ರೀತಿಯು ದೂಡುವುದಿಲ್ಲವೆಂಬುದೇ ಇದರ ತಾತ್ಪರ್ಯವೆಂದು ಹೇಳಬೇಕಾಗುತ್ತದೆ. ನಿರೀಶ್ವರವಾದಿಯ ಪರಿಹಾಸವಾಗಿದ್ದರೆ ಪುನರುತ್ಥಾನದಲ್ಲಿ ಮುಗಿಯಬೇಕಾದ ಕಾರಣವಿರಲಿಲ್ಲ. ಹಾಲ್ ಅವಳ ಕಾದಂಬರಿಯು ಬೇಡಿದುದನ್ನು, ಐವತ್ತು ವರ್ಷಗಳ ತರುವಾಯ ಈ ಕವನವು ದೊರೆತಿತೆಂದು ಕಲ್ಪಿಸಿಕೊಂಡಿತು.

ತಾತ್ಪರ್ಯವು ಇಂತಹುದಾದ ಮಾತ್ರಕ್ಕೆ ಕಾವ್ಯವು ನಿರ್ದುಷ್ಟವಾಗುವುದಿಲ್ಲ. ಶವದ ಮುಂದೆ ಶೃಂಗಾರವನ್ನು ತರುವುದು ಕವಿಗಳಿಗೆ ಹೊಸದಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ಭೂರಿಶ್ರವನ ಪತ್ನಿಯು ರಣದಲ್ಲಿ ಕಡಿದುಬಿದ್ದ ಅವನ ಕೈಯನ್ನು ಕಂಡು, ಆ ಕೈ ತನ್ನನ್ನು ಮುದ್ದಿಸಿದುದನ್ನು ನೆನೆದು ಅಳುತ್ತಾಳೆ. ಆನಂದವರ್ಧನನೂ ಮಮ್ಮಟನೂ ಇದನ್ನು ದೋಷವೆನ್ನಲಿಲ್ಲ. ಕಳೆದುಹೋದ ಶೃಂಗಾರದ ಸ್ಮರಣೆಯು ಕರುಣಕ್ಕೆ ಅಂಗವಾಗಿ ಅದನ್ನು ಪೋಷಿಸುತ್ತದೆ ಎಂದರು. ಕರ್ಕಪ್ಪನ ಕವನದಲ್ಲಿ ಆದುದು ಇದರ ವಿಪರ್ಯಾಸ. ಅಲ್ಲಿ ಶೃಂಗಾರವು ಸ್ಮರಣೆಯಾಗಿ ಉಳಿಯದೆ ಆ ಕ್ಷಣದ ಕ್ರಿಯೆಯಾಗುತ್ತದೆ, ಅಂಗವಾಗಿರಬೇಕಾದುದು ಅಂಗಿಯಾಗಿಬಿಡುತ್ತದೆ, ಗಾಯಗಳ ಸನ್ನಿಧಿಯಲ್ಲಿ ಬೀಭತ್ಸವೂ ಬಂದು ಸೇರಿ ಕರುಣವು ಕೆಡುತ್ತದೆ. ಕ್ಷೇಮೇಂದ್ರನ ಮಾತಿನಲ್ಲಿ ಹೇಳುವುದಾದರೆ ಇದು ಅನೌಚಿತ್ಯ. ಉದ್ದೇಶಿಸಿದ ತಾತ್ಪರ್ಯಕ್ಕೆ ಕವಿಯೇ ಅಡ್ಡಬಂದಿದ್ದಾನೆ. ಇದನ್ನು ಓದಿ ಭಕ್ತರ ಮನಸ್ಸು ನೊಂದುದು ಆಶ್ಚರ್ಯವಲ್ಲ. ಆ ನೋವನ್ನು ಕಪಟವೆಂದು ಹಳಿಯುವುದು ನ್ಯಾಯವಲ್ಲ.

ಭಕ್ತರ ಈ ನೋವನ್ನು ಭಾರತದ ಆಲಂಕಾರಿಕರು ಚೆನ್ನಾಗಿ ಬಲ್ಲವರಾಗಿದ್ದರು. ಕುಮಾರಸಂಭವದಲ್ಲಿ ಪಾರ್ವತೀ ಪರಮೇಶ್ವರರ ಸಂಭೋಗಶೃಂಗಾರವನ್ನು ಕಾಳಿದಾಸನು ವರ್ಣಿಸಿದುದು ತಂದೆತಾಯಿಗಳ ಸಂಭೋಗವನ್ನು ವರ್ಣಿಸಿದಂತೆ ಅತ್ಯಂತ ಅನುಚಿತವೆಂದು ಮಮ್ಮಟನ ಮತ. ಅನೌಚಿತ್ಯವು ಇದ್ದರೂ ಮಹಾಕವಿಯ ಶಕ್ತಿಯು ಅದನ್ನು ಮರೆಸಿಬಿಡುತ್ತದೆಂದು ಆನಂದವರ್ಧನನ ಮತ. ಸಹೃದಯನ ಲಜ್ಜೆಯನ್ನು ಇದಕ್ಕಿಂತ ಖಂಡಿತವಾದ ಉಪಮೆಯಿಂದ ಹೇಳುವುದು ಕಷ್ಟ. ಆದರೂ ಇಬ್ಬರೂ ಇದನ್ನು ರಸದೋಷದ ಪ್ರಕರಣದಲ್ಲಿ ಇಟ್ಟರೇ ಹೊರತು ದಂಡದ ಪ್ರಕರಣದಲ್ಲಿ ಇಡಲಿಲ್ಲ. ಧರ್ಮಶಾಸ್ತ್ರಗಳು ಪುರುಷರ ಸಲಿಂಗಕ್ರಿಯೆಗೆ ಪ್ರಾಯಶ್ಚಿತ್ತವನ್ನೂ ಅರ್ಥಶಾಸ್ತ್ರವು ದಂಡವನ್ನೂ ಹೇಳಿರುವುದು ನಿಜ. ಪ್ರಾಚೀನರೆಲ್ಲರೂ ಈ ವಿಷಯದಲ್ಲಿ ಉದಾರರಾಗಿದ್ದರೆಂದು ಹೇಳಿ ಬೀಗುವುದಕ್ಕೆ ಆಧಾರವಿಲ್ಲ. ಆದರೆ ಕೃತ್ಯಕ್ಕೆ ಒಂದು ಶಾಸ್ತ್ರ, ಕಾವ್ಯಕ್ಕೆ ಇನ್ನೊಂದು ಶಾಸ್ತ್ರವೆಂಬ ವಿವೇಕವು ಅವರಲ್ಲಿದ್ದುದು ಸ್ಪಷ್ಟ.

ಕನ್ನಡ ವಾಚಕರಿಗೆ ಈ ವಿವೇಕವು ಮನೆಯ ಸೊತ್ತು. ಶರಣನು ಸತಿ, ಲಿಂಗವು ಪತಿ ಎಂಬ ಭಾವದಲ್ಲಿ ಗಂಡಸರಾದ ವಚನಕಾರರು ತಮ್ಮನ್ನು ಮದುವಣಗಿತ್ತಿಯೆಂದೂ ವಿರಹಿಣಿಯೆಂದೂ ಹೇಳಿಕೊಂಡಿದ್ದಾರೆ. ವಾಚ್ಯಾರ್ಥವನ್ನೇ ಹಿಡಿದು ಕುಳಿತವನಿಗೆ ಇದು ವಿಪರೀತವಾಗಿ ಕಾಣಬಹುದು. ಆ ವಚನಗಳಲ್ಲಿ ಸಲಿಂಗಪ್ರೇಮವಿದೆಯೆಂದು ಸಾಧಿಸಹೊರಡುವುದೂ ಅದೇ ವಾಚ್ಯಾರ್ಥದ ಇನ್ನೊಂದು ಬಲೆ. ಅಲ್ಲಿ ತಾತ್ಪರ್ಯವು ಸಮರ್ಪಣೆ. ದೇವರೊಡನೆ ಮಾತನಾಡುವಾಗ ಮನುಷ್ಯನು ಪ್ರೇಮದ ಭಾಷೆಯನ್ನೇ ಎರವಲು ತರುವನೆಂಬುದನ್ನು ಬಲ್ಲ ವಾಚಕನು, ಯಾವ ದೇಶದ ಕವನವನ್ನಾದರೂ ಕೊನೆಯವರೆಗೂ ಓದುವಷ್ಟು ತಾಳ್ಮೆಯನ್ನು ತೋರಿಸುವನು.

ಮೂರನೆಯ ಪ್ರಕರಣದಲ್ಲಿ ಪಾತ್ರಗಳು ಅದಲುಬದಲಾದುವು. ಸ್ವೀಡನ್ ದೇಶದಲ್ಲಿ ಜನವರ್ಗದ ಮೇಲೆ ದ್ವೇಷವನ್ನು ಕೆರಳಿಸುವುದನ್ನು ತಡೆಯುವ ಕಾನೂನಿಗೆ ೨೦೦೩ರ ಆರಂಭದಿಂದ ಸಲಿಂಗಪ್ರೇಮಿಗಳನ್ನೂ ಸೇರಿಸಲಾಯಿತು. ಅದೇ ವರ್ಷದ ಜುಲೈ ೨೦ರಂದು ಓಲಂಡ್ ದ್ವೀಪದ ಬೋರ್ಗ್‌ಹೋಮ್ ಎಂಬ ಊರಿನ ಪೆಂಟೆಕೋಸ್ಟಲ್ ಪ್ರಾರ್ಥನಾಮಂದಿರದಲ್ಲಿ ಓಕೆ ಗ್ರೀನ್ ಎಂಬ ಪಾಸ್ಟರನು ಸುಮಾರು ಐವತ್ತು ಜನರ ಮುಂದೆ ಉಪದೇಶ ಮಾಡಿದನು. ಬೈಬಲ್ಲಿನ ವಾಕ್ಯಗಳನ್ನು ಉದಾಹರಿಸಿ ಸಲಿಂಗಪ್ರೇಮವನ್ನು ಪಾಪವೆಂದು ಖಂಡಿಸಿದುದಲ್ಲದೆ, ಇಂತಹ ವಿಕೃತಿಗಳು ಸಮಾಜದೇಹದಲ್ಲಿ ಆಳವಾಗಿ ಬೆಳೆದ ಅರ್ಬುದರೋಗದಂತೆಂದು ಹೋಲಿಸಿದನು. ೨೦೦೪ರಲ್ಲಿ ಕೆಳಗಿನ ನ್ಯಾಯಾಲಯವು ಅವನಿಗೆ ಒಂದು ತಿಂಗಳ ಸೆರೆವಾಸವನ್ನು ವಿಧಿಸಿತು. ೨೦೦೫ರ ಫೆಬ್ರವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯವು ಬಿಡುಗಡೆ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಡುಗಡೆಯನ್ನೇ ಸ್ಥಿರಪಡಿಸಿತು. ಸ್ವೀಡನ್ನಿನ ಕಾನೂನೊಂದನ್ನೇ ನೋಡಿದರೆ ಮಾತು ಎಲ್ಲೆ ಮೀರಿದ್ದಿತು. ಆದರೆ ಧರ್ಮಸ್ವಾತಂತ್ರ್ಯ ವಾಕ್ಸ್ವಾತಂತ್ರ್ಯಗಳನ್ನು ಕುರಿತ ಯೂರೋಪಿನ ಮಾನವಹಕ್ಕುಗಳ ಒಡಂಬಡಿಕೆಯಂತೆ ಶಿಕ್ಷೆಯು ನಿಲ್ಲಲಾರದು ಎಂಬುದು ಅದರ ನಿರ್ಣಯ.

ಈ ಉಪದೇಶವನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು. ಕೊನೆಗೊಳ್ಳುವ ಮುನ್ನ ಅದು ತೆಗಳಿಕೆಯನ್ನು ಬಿಟ್ಟು, ಇಂತಹವರನ್ನು ತುಚ್ಛೀಕರಿಸಕೂಡದು, ಇವರಿಗೂ ದೇವರ ಕೃಪೆ ಉಂಟು ಎಂಬ ಕಡೆಗೆ ತಿರುಗುತ್ತದೆ. ಶ್ರೋತೃಗಳನ್ನು ಹೊಡೆದಾಟಕ್ಕೆ ಕರೆಯುವುದು ಅದರ ಫಲವಲ್ಲ. ಪಶ್ಚಾತ್ತಾಪಕ್ಕೆ ಕರೆಯುವುದು ಅದರ ಫಲ. ಅರ್ಬುದದ ಹೋಲಿಕೆಯು ಮೀಮಾಂಸಕರ ಭಾಷೆಯಲ್ಲಿ ನಿಂದಾರ್ಥವಾದ. ನಹಿನಿಂದಾನ್ಯಾಯವೆಂದು ಅವರಲ್ಲಿ ಒಂದು ಕಟ್ಟಳೆಯುಂಟು: ನಿಂದೆಯು ಹೊರಡುವುದು ನಿಂದ್ಯವಸ್ತುವನ್ನು ಹಳಿಯುವುದಕ್ಕಲ್ಲ, ವಿಧಿಸಿದುದನ್ನು ಹೊಗಳುವುದಕ್ಕೆ. ಪಾಸ್ಟರನ ಪರವಾಗಿ ವಾದಿಸುವವರು ಈ ನ್ಯಾಯವನ್ನು ಮುಂದಿಡಬಹುದು. ವಿವಾಹಧರ್ಮವನ್ನು ಹೊಗಳುವುದಕ್ಕಾಗಿ ಇತರವನ್ನು ಹಳಿದನೆನ್ನಬಹುದು.

ಆದರೆ ಆ ನ್ಯಾಯಕ್ಕೆ ಒಂದು ಮಿತಿಯುಂಟು. ವೇದದಲ್ಲಿ ನಿಂದಿತವಾಗುವುದು ಒಂದು ಕರ್ಮ, ಒಂದು ದ್ರವ್ಯ, ಒಂದು ಕಾಲ, ಅವುಗಳಿಗೆ ನೋವಿಲ್ಲ. ಉಪದೇಶದಲ್ಲಿ ನಿಂದಿತನಾಗುವವನು ಮನುಷ್ಯ. ಅವನು ಅದೇ ಸಾಲಿನಲ್ಲಿ ಕುಳಿತಿರಬಹುದು, ಹೇಳಿಕೊಳ್ಳಲಾರದ ಹದಿನಾರು ವರ್ಷದ ಹುಡುಗನಾಗಿರಬಹುದು. ತನ್ನನ್ನು ರೋಗವೆಂದು ಕೇಳಿಸಿಕೊಂಡವನಿಗೆ ಅದರ ಮೇಲೆ ಬರುವ ಕೃಪೆಯ ಮಾತು ಕಿವಿಗೆ ಬೀಳುವುದೇ ಸಂದೇಹ. ಕರ್ಕಪ್ಪನ ಕವನದಲ್ಲಿ ಮಧ್ಯವು ಉಪಸಂಹಾರವನ್ನು ಕೆಡಿಸಿದಂತೆಯೇ ಇಲ್ಲಿಯೂ ಕೆಡಿಸಿದೆ. ಅಷ್ಟೇ ಅಲ್ಲ, ಎರಡು ನೋವುಗಳೂ ಸಮವೆನ್ನುವುದಕ್ಕೂ ಆಗದು. ಕವನವು ಭಕ್ತನ ಆರಾಧ್ಯನನ್ನು ಮುಟ್ಟಿತು. ಭಕ್ತನಿಗೆ ಊರಿನಲ್ಲಿ ಸ್ಥಾನವಿದ್ದಿತು, ರಾಜ್ಯವು ಅವನ ಪಕ್ಷದಲ್ಲಿದ್ದಿತು. ಉಪದೇಶವು ಮನುಷ್ಯನ ಇರವನ್ನೇ ಮುಟ್ಟಿತು. ಬಹುಕಾಲ ಸೆರೆಮನೆ ನಿಂದೆಗಳೆರಡನ್ನೂ ಉಂಡ ವರ್ಗ ಅವನದು. ಆದುದರಿಂದ ಉಪದೇಶದ ದೋಷವು ಕಾವ್ಯದ ದೋಷಕ್ಕಿಂತ ಗುರುತರವಾದುದು. ಅದನ್ನು ಗಟ್ಟಿಯಾಗಿ ಹೇಳಬೇಕು, ಸಭೆಯಲ್ಲಿ ಹೇಳಬೇಕು, ಅದೇ ಬೈಬಲ್ಲನ್ನು ಬಲ್ಲವರು ಅದರ ಆಧಾರದಿಂದಲೇ ಹೇಳಬೇಕು. ಆದರೆ ಸೆರೆಮನೆಯು ಇದಕ್ಕೆ ಉತ್ತರವಲ್ಲ. ಸೆರೆಯು ಉಪದೇಶಕನನ್ನು ಖಂಡಿಸಿದಂತಾಗದು. ಅವನನ್ನು ಹುತಾತ್ಮನನ್ನಾಗಿ ಮಾಡಿದಂತಾದೀತು.

ಇಷ್ಟಾದರೂ ನ್ಯಾಯಾಲಯಗಳಲ್ಲಿ ಒಂದು ಗುಣವಿದೆ. ಅಲ್ಲಿ ಕಾರಣವನ್ನು ಬರೆದು ಹೇಳಬೇಕು, ಮೇಲ್ಮನವಿಯುಂಟು, ಅಲ್ಪಮತವು ದಾಖಲೆಯಾಗುತ್ತದೆ. ಡಿಪ್ಲಾಕನ ಅಲ್ಪಮತವನ್ನು ಇಂದಿಗೂ ಓದಬಹುದು. ೨೦೦೨ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ಚರ್ಚಿನ ಮೆಟ್ಟಿಲುಗಳ ಮೇಲೆ ಕರ್ಕಪ್ಪನ ಕವನವನ್ನು ಬಹಿರಂಗವಾಗಿ ಓದಿದಾಗ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ೨೦೦೮ರಲ್ಲಿ ಇಂಗ್ಲೆಂಡು ವೇಲ್ಸ್‌ಗಳಲ್ಲಿ ದೇವದೂಷಣೆಯ ಅಪರಾಧವೇ ರದ್ದಾಯಿತು. ಈಗ ನಿಷೇಧದ ಅಧಿಕಾರವು ಬಹುಮಟ್ಟಿಗೆ ಇನ್ನೊಂದು ಕೈಗೆ ಸರಿದಿದೆ. ಅಂತರ್ಜಾಲದಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ವ್ಯಾಪಾರಸಂಸ್ಥೆಗಳೂ ಅವುಗಳ ಗಣಕಯಂತ್ರಗಳೂ ನಿರ್ಣಯಿಸುತ್ತಿವೆ.

ಇದರಿಂದ ನೊಂದವರೂ ಎರಡು ಪಕ್ಷಗಳಲ್ಲಿದ್ದಾರೆ. ೨೦೦೯ರ ಏಪ್ರಿಲಿನಲ್ಲಿ ಅಮೆಜಾನ್ ಎಂಬ ಪುಸ್ತಕವ್ಯಾಪಾರದ ಜಾಲತಾಣದಲ್ಲಿ ಸಲಿಂಗಪ್ರೇಮವನ್ನು ಕುರಿತ ಅನೇಕ ಗ್ರಂಥಗಳು ಮಾರಾಟದ ಶ್ರೇಣಿಪಟ್ಟಿಯಿಂದ ಇದ್ದಕ್ಕಿದ್ದಂತೆ ಮಾಯವಾದುವು. ಜೇಮ್ಸ್ ಬಾಲ್ಡ್ವಿನ್ನನ 'ಜಿಯೊವಾನಿಸ್ ರೂಮ್' ಎಂಬ ಪ್ರಸಿದ್ಧ ಕಾದಂಬರಿಯೂ ಅವುಗಳಲ್ಲಿ ಸೇರಿದ್ದಿತು. ಪಟ್ಟಿಮಾಡುವುದರಲ್ಲಿ ಆದ ಪ್ರಮಾದವೆಂದೂ, ೫೭,೩೧೦ ಪುಸ್ತಕಗಳಿಗೆ ಅದು ತಗುಲಿತೆಂದೂ ಸಂಸ್ಥೆಯು ಹೇಳಿ ಸರಿಪಡಿಸಿತು. ಮರುವರ್ಷ, ೨೦೧೦ರಲ್ಲಿ, ಆಪಲ್ ಸಂಸ್ಥೆಯು 'ಮ್ಯಾನ್‌ಹಾಟನ್ ಡಿಕ್ಲರೇಶನ್' ಎಂಬ ಕ್ರೈಸ್ತ ಘೋಷಣೆಯ ಆ್ಯಪನ್ನು ಮೊದಲು ಅಂಗೀಕರಿಸಿ, ಸಾವಿರಾರು ಜನರು ಸಹಿಮಾಡಿ ವಿರೋಧಿಸಿದ ಮೇಲೆ ತೆಗೆದುಹಾಕಿತು. ವಿವಾಹವು ಸ್ತ್ರೀಪುರುಷರದ್ದು ಮಾತ್ರವೆಂದು ಆರ್ಥೊಡಾಕ್ಸ್, ಕ್ಯಾಥೊಲಿಕ್, ಇವ್ಯಾಂಜೆಲಿಕಲ್ ಮುಖಂಡರು ೨೦೦೯ರಲ್ಲಿ ಸಾರಿದ ಘೋಷಣೆಯದು. ದೊಡ್ಡ ಜನವರ್ಗಗಳಿಗೆ ನೋವುಂಟುಮಾಡುವುದೆಂಬುದು ಸಂಸ್ಥೆಯು ಕೊಟ್ಟ ಕಾ­ರಣ. ಒಂದು ಕಡೆ ಪ್ರಮಾದ, ಇನ್ನೊಂದು ಕಡೆ ಬಹುಜನರ ಸಹಿ. ಎರಡರಲ್ಲಿಯೂ ಓದುವವನೊಬ್ಬನು ಕುಳಿತು ಆದ್ಯಂತವಾಗಿ ಓದಿ, ಕಾರಣವನ್ನು ಬರೆದು ತೀರ್ಪು ಹೇಳಲಿಲ್ಲ. ಯಂತ್ರವು ಗುರುತುಚೀಟಿಯನ್ನು ನೋಡುತ್ತದೆ. ಬೈರನ್ನನು ನಲವತ್ತು ಸಾಕ್ಷಿಗಳನ್ನು ಹಿಂದಕ್ಕೆ ಕಳುಹಿದನು. ಇಲ್ಲಿ ಸಾಕ್ಷಿಯು ಹೋಗಿ ನಿಲ್ಲುವುದಕ್ಕೆ ಕಟಕಟೆಯೇ ಇಲ್ಲ.

ಭಾರತಕ್ಕೂ ಈ ಚರಿತ್ರೆಗೂ ಸಂಬಂಧವುಂಟು. ಆಂಗ್ಲರು ೧೮೬೦ರಲ್ಲಿ ಮಾಡಿದ ದಂಡಸಂಹಿತೆಯ ೩೭೭ನೆಯ ಕಲಮು ಸಲಿಂಗಸಂಬಂಧವನ್ನು ಅಪರಾಧವೆಂದಿತು. ಅದೇ ಸಂಹಿತೆಗೆ ೧೯೨೭ರಲ್ಲಿ ೨೯೫ಎ ಕಲಮು ಸೇರಿ ಮತಭಾವನೆಗಳ ಅವಮಾನವನ್ನು ಅಪರಾಧವೆಂದಿತು. ವಯಸ್ಕರ ಸಮ್ಮತಿಯ ಸಂಬಂಧಕ್ಕೆ ೩೭೭ನೆಯ ಕಲಮು ಅನ್ವಯಿಸದೆಂದು ೨೦೧೮ರ ಸೆಪ್ಟೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ಮತಭಾವನೆಯ ಕಲಮು ೨೦೨೪ರ ಜುಲೈಯಿಂದ ನಡೆಯುತ್ತಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ ೨೯೯ನೆಯದಾಗಿ ಉಳಿದಿದೆ. ಆದರೆ ಅದರಲ್ಲಿ ಮೊದಲಿನಿಂದಲೂ ಒಂದು ವಿಶೇಷಣವುಂಟು: ಬುದ್ಧಿಪೂರ್ವಕವೂ ದುರುದ್ದೇಶಯುಕ್ತವೂ ಆದ ಕೃತ್ಯವೇ ಅಪರಾಧ. ೧೯೭೯ರಲ್ಲಿ ಲಂಡನ್ನಿನ ಬಹುಮತವು ಬೇಡವೆಂದುದನ್ನು ಈ ದೇಶದ ಕಾನೂನಿನ ಅಕ್ಷರವು ಬೇಕೆನ್ನುತ್ತದೆ. ಉದ್ದೇಶವನ್ನು ತಿಳಿಯಬೇಕಾದರೆ ಬರೆಹವನ್ನು ಕೊನೆಯವರೆಗೂ ಓದದೆ ಗತ್ಯಂತರವಿಲ್ಲ.

ಇಲ್ಲಿ ಪೂರ್ವಪಕ್ಷಿಯು ಕೇಳಬಹುದು: ಹಾಗಾದರೆ ಯಾರು ಏನನ್ನು ಬೇಕಾದರೂ ಬರೆಯಬಹುದೆ? ಓದಿ ಮುಗಿಸುವವರೆಗೆ ಊರು ಹೊತ್ತಿಕೊಂಡರೆ? ಇದಕ್ಕೆ ಸಮಾಧಾನವು ಆರು ಲಿಂಗಗಳಲ್ಲಿಯೇ ಇದೆ. ಫಲವೂ ಅವುಗಳಲ್ಲೊಂದು. ಇಂತಹವನನ್ನು ಹೊಡೆಯಿರಿ, ಇಂತಹವರ ಮನೆಯನ್ನು ಸುಡಿರಿ ಎಂದು ಹೇಳುವ ಮಾತಿನ ಫಲವು ಹಿಂಸೆಯೇ. ಅದನ್ನು ತಡೆಯುವುದು ರಾಜ್ಯದ ಕರ್ತವ್ಯ. ಮನಸ್ಸನ್ನು ನೋಯಿಸುವ ಮಾತು ಬೇರೆ ಜಾತಿಯದು. ಅದಕ್ಕೆ ಖಂಡನೆಯುಂಟು, ಪ್ರತ್ಯುತ್ತರವುಂಟು, ತಾತ್ಸಾರವುಂಟು. ಇಂತಹ ಮಾತುಗಳನ್ನು ಅಳಿಸಿಹಾಕಿದರೆ ಖಂಡಿಸುವುದಕ್ಕೂ ಏನೂ ಉಳಿಯದು. ಪೂರ್ವಪಕ್ಷವನ್ನು ಪೂರ್ತಿಯಾಗಿ ಬರೆದಿಡದೆ ಸಿದ್ಧಾಂತವನ್ನು ಹೇಳಿದ ಆಚಾರ್ಯನು ಈ ದೇಶದಲ್ಲಿ ಒಬ್ಬನೂ ಗೌರವವನ್ನು ಪಡೆದಿಲ್ಲ.

ಪ್ರಾರ್ಥನೆಯಲ್ಲಿ ಮುಗಿಯುವ ಕಾದಂಬರಿ, ಪುನರುತ್ಥಾನದಲ್ಲಿ ಮುಗಿಯುವ ಕವನ, ಕೃಪೆಯ ಕಡೆಗೆ ತಿರುಗಿ ಮುಗಿಯುವ ಉಪದೇಶ: ಮೂರೂ ತಮ್ಮ ಕೊನೆಯಲ್ಲಿ ಒಬ್ಬನೇ ದೇವರನ್ನು ಕುರಿತು ಮಾತನಾಡುತ್ತವೆ. ಧರ್ಮದ ಮಾತು ಒಂದು ಪಕ್ಷದ್ದು, ಪ್ರೇಮದ ಹಕ್ಕು ಇನ್ನೊಂದು ಪಕ್ಷದ್ದು ಎಂದು ನಿಷೇಧಕರು ಭಾಗಮಾಡಿಕೊಂಡರು. ಬರೆಹಗಳು ಹಾಗೆ ಭಾಗವಾಗಿರಲಿಲ್ಲ. ಮೂರರಲ್ಲಿಯೂ ದೋಷಗಳುಂಟು, ಆ ದೋಷಗಳನ್ನು ಮೇಲೆ ಹೇಳಿಯೂ ಆಯಿತು. ಓದಿದುದರಿಂದಲೇ ಅವುಗಳನ್ನು ಹೇಳಲು ಸಾಧ್ಯವಾಯಿತು. ಇಂತಹ ಗ್ರಂಥವನ್ನು ತಡೆಯಿರಿ, ಇಂತಹವನ ಬಾಯಿಯನ್ನು ಮುಚ್ಚಿಸಿರಿ ಎಂಬ ಮನವಿಗಳಿಗೆ ವಿದ್ಯಾವಂತರ ಸಹಿಯನ್ನು ಬೇಡುವುದು ಎಲ್ಲ ಪಕ್ಷಗಳಲ್ಲಿಯೂ ನಡೆದಿದೆ. ಸಹಿಮಾಡುವುದಕ್ಕೆ ಮುಂಚೆ ಆ ಬರೆಹದ ಕೊನೆಯ ಪುಟವನ್ನು ಒಮ್ಮೆ ಓದಿ ನೋಡುವುದು, ಓದುಬರಹ ಬಲ್ಲ ಪ್ರತಿಯೊಬ್ಬನಿಂದಲೂ ಆಗತಕ್ಕ ಕನಿಷ್ಠ ಧರ್ಮ.